ಮೆಲಟೋನಿನ್ನಿನ ಪೂರ್ವವೃತ್ತಾಂತ

ನಿದ್ರೆಗೆಂದು ಔಷಧದಂಗಡಿಗಳಲ್ಲಿ ಇಂದು ಸುಲಭವಾಗಿ ದೊರೆಯುವ ಮೆಲಟೋನಿನ್ ಗುಳಿಗೆಯು ದೇಹದ ಒತ್ತಡವನ್ನೂ ಶಮನಗೊಳಿಸಬಲ್ಲುದೇ ಎಂದು ಈಗ ಅನೇಕರು ಕೇಳುತ್ತಿರುವರು. ಈ ಪ್ರಶ್ನೆಯೊಳಗೆ ಎರಡು ಅರಿವುಗಳು ಕೂಡಿಕೊಂಡಿವೆ: ನಾನಾ ಬಗೆಯ ಕಷ್ಟಗಳಿಗೆ ದೇಹವು ಒಂದೇ ಬಗೆಯ ಉತ್ತರವನ್ನು ಕೊಡುವುದೆಂಬುದೊಂದು, ಇರುಳಿಗೆ ತನ್ನದೇ ಆದ ಹಾರ್ಮೋನು ಇರುವುದೆಂಬುದು ಇನ್ನೊಂದು. ಎರಡೂ ಇಪ್ಪತ್ತನೆಯ ಶತಮಾನದವು. ಎರಡೂ ಕಸಾಯಿಖಾನೆಯ ಗ್ರಂಥಿಗಳಿಂದ ಹೊರಟವು. ಎರಡನ್ನೂ ಕಂಡವರು ಬೇರೆ ಏನನ್ನೋ ಅರಸುತ್ತಿದ್ದರು.

1922ರಲ್ಲಿ ಟೊರಾಂಟೊ ನಗರದಲ್ಲಿ ಎತ್ತಿನ ಮೇದೋಜೀರಕದಿಂದ ತೆಗೆದ ಇನ್ಸುಲಿನ್ನು ಮಧುಮೇಹದಿಂದ ಸಾಯಲಿದ್ದ ಬಾಲಕನೊಬ್ಬನನ್ನು ಉಳಿಸಿದ ಮೇಲೆ, ಪಶುಗ್ರಂಥಿಗಳಿಗೆ ಹೊಸ ಮಹತ್ವ ಬಂದಿತು. ಆ ಇನ್ಸುಲಿನ್ನನ್ನು ಶುದ್ಧೀಕರಿಸಿದ ಜೇಮ್ಸ್ ಕಾಲಿಪ್ ಅವರು ಮುಂದೆ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಬಂದರು. ಅವರ ಬಳಿ ಕೆಲಸಕ್ಕೆ ನಿಂತ ತರುಣ ಹಾನ್ಸ್ ಸೆಲ್ಯೆ, ಹಸುಗಳ ಅಂಡಾಶಯದ ಸತ್ವವನ್ನು ಇಲಿಗಳಿಗೆ ಚುಚ್ಚಿ, ಹೊಸದೊಂದು ಲೈಂಗಿಕ ಹಾರ್ಮೋನನ್ನು ಕಂಡುಹಿಡಿಯುವ ಆಸೆಯಲ್ಲಿದ್ದರು. ಇಲಿಗಳ ಅಡ್ರಿನಲ್ ಗ್ರಂಥಿಗಳು ಊದಿಕೊಂಡವು, ಥೈಮಸ್ ಕುಗ್ಗಿತು, ಜಠರದಲ್ಲಿ ಹುಣ್ಣುಗಳೆದ್ದವು. ಹಾರ್ಮೋನು ಸಿಕ್ಕಿತೆಂಬ ಹರ್ಷವು ಬಹುಕಾಲ ಉಳಿಯಲಿಲ್ಲ. ಬೇರೆ ಅಂಗಗಳ ಸತ್ವವೂ, ಕೊನೆಗೆ ಬರಿಯ ಫಾರ್ಮಲಿನ್ನೂ ಅದೇ ಮೂರು ಗುರುತುಗಳನ್ನು ಮೂಡಿಸಿದವು. ನಿರಾಶೆಯಿಂದ ಕೈಬಿಡಬಹುದಾಗಿದ್ದ ಆ ಫಲಿತಾಂಶವನ್ನು ಸೆಲ್ಯೆ ತಿರುಗಿಸಿ ನೋಡಿ, ವಿಷ, ಚಳಿ, ಗಾಯ, ಆಯಾಸ ಯಾವುದೇ ಬರಲಿ, ದೇಹವು ಅಡ್ರಿನಲ್ ಗ್ರಂಥಿಯ ಮೂಲಕ ಒಂದೇ ರೀತಿಯಲ್ಲಿ ಸೆಣಸುವುದೆಂದು 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟವನ್ನೂ ಮೀರದ ಟಿಪ್ಪಣಿಯಾಗಿ ಪ್ರಕಟಿಸಿದರು. ಸೋತ ಪ್ರಯೋಗವೊಂದನ್ನು ಇಷ್ಟು ಫಲವತ್ತಾಗಿ ಓದಿಕೊಂಡ ನಿದರ್ಶನಗಳು ವೈದ್ಯದ ಇತಿಹಾಸದಲ್ಲಿ ವಿರಳವೆಂದೇ ನನ್ನ ಎಣಿಕೆ.

ಇನ್ನೊಂದು ಕಥೆಯು ಕಪ್ಪೆಮರಿಗಳಿಂದ ಆರಂಭವಾಗುತ್ತದೆ. ಮಿದುಳಿನ ನಡುವೆ ಅಡಗಿರುವ, ಆತ್ಮದ ಪೀಠವೆಂದು ದೆಕಾರ್ತ್ ಭಾವಿಸಿದ್ದ ಪೀನಿಯಲ್ ಗ್ರಂಥಿಯ ಸತ್ವವು ಕಪ್ಪೆಮರಿಗಳ ಚರ್ಮವನ್ನು ಬಿಳುಪಾಗಿಸುವುದೆಂದು ಮೆಕಾರ್ಡ್ ಮತ್ತು ಆಲೆನ್ ಎಂಬಿಬ್ಬರು 1917ರಲ್ಲಿ ವರದಿ ಮಾಡಿದ್ದರು. ನಾಲ್ಕು ದಶಕಗಳ ಕಾಲ ಯಾರೂ ಅದನ್ನು ಹೆಚ್ಚಾಗಿ ಗಮನಿಸಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್, ತೊನ್ನು ಮೊದಲಾದ ವರ್ಣವಿಕಾರಗಳಿಗೆ ಪರಿಹಾರ ದೊರಕೀತೆಂಬ ನಿರೀಕ್ಷೆಯಿಂದ ಆ ವಸ್ತುವಿನ ಬೆನ್ನುಹತ್ತಿದರು. ಮಾಂಸದ ಕಾರಖಾನೆಗಳಿಂದ ಬಂದ, ಲಕ್ಷವನ್ನು ಮೀರಿದ ಎತ್ತಿನ ಪೀನಿಯಲ್ ಗ್ರಂಥಿಗಳನ್ನು ಅರೆದು, ಸೋಸಿ, ಬೇರ್ಪಡಿಸಿ, ವರ್ಷಗಳ ಪರಿಶ್ರಮದ ತರುವಾಯ 1958ರಲ್ಲಿ ಅತ್ಯಲ್ಪ ಪ್ರಮಾಣದ ಮೆಲಟೋನಿನ್ನನ್ನು ಕೈಗೆ ತಂದುಕೊಂಡರು. ಕಪ್ಪೆಯ ಚರ್ಮದಲ್ಲಿ ಅಷ್ಟು ಪ್ರಬಲವಾದ ಆ ವಸ್ತುವು ಮನುಷ್ಯನ ಚರ್ಮದ ಬಣ್ಣವನ್ನು ಬದಲಿಸಲಿಲ್ಲ. 200 ಮಿಲಿಗ್ರಾಮಿನಷ್ಟು ಕೊಟ್ಟಾಗಲೂ ಕಂಡುದು ತುಸು ಮಂಪರು ಮಾತ್ರ. ಚರ್ಮವೈದ್ಯನಿಗೆ ಉಪಯೋಗವಿಲ್ಲದ ಆ ಮಂಪರೇ ಮುಂದೆ ಅದರ ಭಾಗ್ಯವಾಯಿತು.

ಎರಡು ಕಥೆಗಳು ಸಂಧಿಸಿದುದು ಅಮೆರಿಕೆಯ ಬೆಥೆಸ್ಡಾದಲ್ಲಿ, ಜೀವರಸಾಯನಶಾಸ್ತ್ರಜ್ಞ ಜೂಲಿಯಸ್ ಆಕ್ಸೆಲ್‌ರಾಡ್ ಅವರ ಪ್ರಯೋಗಶಾಲೆಯಲ್ಲಿ. ಕತ್ತಲೆಯಾದೊಡನೆ ಕುತ್ತಿಗೆಯ ನರಗಂಟಿನಿಂದ ಹೊರಟ ಅನುವೇದಕ (ಸಿಂಪಥೆಟಿಕ್) ನರಗಳು ನಾರ್ ಅಡ್ರಿನಲಿನ್ನನ್ನು ಸುರಿದು, ಮೆಲಟೋನಿನ್ ಸ್ರವಿಸುವಂತೆ ಪೀನಿಯಲ್ಲನ್ನು ಎಚ್ಚರಿಸುವುವೆಂದು 1960ರ ದಶಕದ ಸಂಶೋಧನೆಯು ತಿಳಿಸಿತು. ವಿಚಾರವಂತನನ್ನು ಇಲ್ಲಿ ಒಂದು ವಿಸ್ಮಯವು ತಡೆದು ನಿಲ್ಲಿಸುತ್ತದೆ: ಹುಲಿಯನ್ನು ಕಂಡವನ ಎದೆಯನ್ನು ಡವಗುಟ್ಟಿಸುವ ನರಜಾಲಕ್ಕೇ ನಿದ್ರೆಯ ವೇಳೆಯನ್ನು ಸಾರುವ ಕೆಲಸವೂ ಸೇರಿದೆ! ಹಾಗಾದರೆ ಹಗಲಿನಲ್ಲಿ ಹೆದರಿದ ಪ್ರಾಣಿಗೆ ಮೆಲಟೋನಿನ್ ಏಕೆ ಉಕ್ಕುವುದಿಲ್ಲ? ರಕ್ತದಲ್ಲಿ ಹರಿದುಬರುವ ನಾರ್ ಅಡ್ರಿನಲಿನ್ನನ್ನು ಪೀನಿಯಲ್ಲಿನ ನರತುದಿಗಳೇ ಹೀರಿಕೊಂಡು ಗ್ರಂಥಿಯನ್ನು ಕಾಪಾಡುವುವೆಂದು ಪಾರ್ಫಿಟ್ ಮತ್ತು ಕ್ಲೈನ್ ಅವರು 1976ರಲ್ಲಿ ಇಲಿಗಳಲ್ಲಿ ತೋರಿಸಿದರು. ಭಯದ ಗದ್ದಲವು ರಾತ್ರಿಯ ಸಂಕೇತವನ್ನು ಕೆಡಿಸದಂತೆ ಪ್ರಕೃತಿಯು ಬಾಗಿಲಿನಲ್ಲಿಯೇ ಕಾವಲನ್ನಿರಿಸಿದೆ.

ಮೆಲಟೋನಿನ್ ಒತ್ತಡದ ವಿರೋಧಿಯೆಂಬ ಭಾವನೆಗೆ ಬಲ ಬಂದುದು 1980ರ ದಶಕದಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ ಮಾಯೆಸ್ಟ್ರೋನಿ ಮತ್ತು ಅವರ ಸಂಗಡಿಗರು ಇಕ್ಕಟ್ಟಿನಲ್ಲಿ ಕಟ್ಟಿಹಾಕಿದ ಚಿಟ್ಟಿಲಿಗಳಿಗೆ ಮೆಲಟೋನಿನ್ ಕೊಟ್ಟಾಗ, ಸೆಲ್ಯೆ ಕಂಡ ಅದೇ ಥೈಮಸ್ ಸಂಕೋಚವು ತಗ್ಗಿತು, ರೋಗನಿರೋಧಕ ಶಕ್ತಿಯೂ ಚೇತರಿಸಿಕೊಂಡಿತು. 1994ರಲ್ಲಿ ಅಮೆರಿಕೆಯ ಶಾಸನವು ಇಂಥ ವಸ್ತುಗಳನ್ನು ಔಷಧದ ಕಟ್ಟುಪಾಡಿನಿಂದ ಬಿಡಿಸಿ ಆಹಾರಪೂರಕಗಳ ಸಾಲಿಗೆ ಸೇರಿಸಿದೊಡನೆ, ಚಿಟ್ಟಿಲಿಗಳ ವಿಷಯವು ಮನುಷ್ಯರ ಭರವಸೆಯಾಗಿ ಮಾರುಕಟ್ಟೆಗೆ ನಡೆಯಿತು. ಕೊಂಡವನಿಗೆ ಒಳಗಿರುವುದೆಷ್ಟೆಂಬ ನಿಶ್ಚಯವೂ ಇರಲಿಲ್ಲ: ಕೆನಡಾದಲ್ಲಿ 2017ರಲ್ಲಿ ಪರೀಕ್ಷಿಸಿದ 31 ತಯಾರಿಕೆಗಳಲ್ಲಿ ಚೀಟಿಯ ಮೇಲಿನ ಪ್ರಮಾಣಕ್ಕಿಂತ ಶೇ. 83ರಷ್ಟು ಕಡಿಮೆಯಿಂದ ಹಿಡಿದು ಶೇ. 478ರಷ್ಟು ಹೆಚ್ಚಿನವರೆಗೆ ವ್ಯತ್ಯಾಸ ಕಂಡುಬಂದಿತು. ಇದನ್ನು ಅಕ್ಷಮ್ಯವೆಂದಲ್ಲದೆ ಬೇರೆ ಮಾತಿನಿಂದ ಕರೆಯಲಾರೆ.

ಮನುಷ್ಯರಲ್ಲಿ ದೊರೆತ ಸಾಕ್ಷ್ಯವು ಇಷ್ಟು ಉದಾರವಲ್ಲ. 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತ ತರುಣರು 3 ಮಿಲಿಗ್ರಾಂ ಮೆಲಟೋನಿನ್ ಸೇವಿಸಿ, ಅಪರಿಚಿತರ ಮುಂದೆ ಭಾಷಣ ಮಾಡಿ, ಬಾಯಿಲೆಕ್ಕ ಒಪ್ಪಿಸಬೇಕಾಯಿತು. ಆ ಸಂಕಟದಲ್ಲಿ ಕಂಡ ವಸ್ತುಗಳ ನೆನಪು ಅವರಲ್ಲಿ ಉತ್ತಮವಾಗಿತ್ತಾದರೂ, ಅಡ್ರಿನಲ್ ಗ್ರಂಥಿಯು ಸ್ರವಿಸುವ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಬೇಕಾದಷ್ಟೂ ಏರಿತು. ಶಸ್ತ್ರಚಿಕಿತ್ಸೆಗೆ ಮುನ್ನ ಕಾಡುವ ಆತಂಕದ ವಿಷಯದಲ್ಲಾದರೋ ಫಲವು ಸ್ಪಷ್ಟತರವಾಗಿದೆ: ಹುಸಿಗುಳಿಗೆಗಿಂತ ಮೆಲಟೋನಿನ್ ಮೇಲೆಂದೂ, ವಾಡಿಕೆಯ ಶಾಮಕ ಔಷಧವಾದ ಮಿಡಾಜೊಲಾಮಿಗೆ ಸುಮಾರಾಗಿ ಸಮಾನವೆಂದೂ 2015ರ ಕೊಕ್ರೇನ್ ಸಮೀಕ್ಷೆಯು ತೀರ್ಮಾನಿಸಿತು. ಆದುದರಿಂದ ಮನಸ್ಸಿನ ಅಳುಕು ತಗ್ಗುವುದೆಂಬುದನ್ನು ಒಪ್ಪಬಹುದು; ಸೆಲ್ಯೆಯವರ ಅಡ್ರಿನಲ್ ಗ್ರಂಥಿಯು ಮೆಲಟೋನಿನ್ನಿನ ಮಾತಿಗೆ ಮಣಿಯುವುದೆಂದು ಮಾರುವವರು ಸಾರುತ್ತಿರುವುದಕ್ಕೆ, ಮನುಷ್ಯನ ಮಟ್ಟಿಗೆ, ಆಧಾರ ಸಾಲದು.