ಏರೋಪ್ಲೇನ್ ಚಿಟ್ಟೆ ಕೆಳಗೆ ಹಾರಿದರೆ ಮಳೆ ಬರುತ್ತದೆಯೇ?

ಚೌತಿ ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟರೆ ಸಾಕು, ಉಡುಪಿಯ ಬನ್ನಂಜೆ ಆಸುಪಾಸಿನ ಗದ್ದೆ, ಮೈದಾನಗಳ ಮೇಲೆ ಏರೋಪ್ಲೇನ್ ಚಿಟ್ಟೆಗಳು ಗುಂಪಾಗಿ ಸುತ್ತತೊಡಗುತ್ತವೆ. ಜೊತೆಗೇ ಎರಡು ಮಾತುಗಳೂ ಕೇಳಿಬರುತ್ತವೆ: ಇವು ಕೆಳಗೆ ಹಾರಿದರೆ ಮಳೆ ಖಚಿತ, ಮುಟ್ಟಿದರೆ ವಿಷ. ನಿಜವೇನು ನೋಡೋಣ.

ಇವು ಯಾವುವು?
ಇವು ಚಿಟ್ಟೆಗಳಲ್ಲ, ಡ್ರ್ಯಾಗನ್‌ಫ್ಲೈಗಳು. ಹಳದಿ ಮಿಶ್ರಿತ ಕಂದು ಮೈ, ಎಲ್ಲೂ ಕೂರದೆ ಹಾರುತ್ತಲೇ ಇರುವ ಅಭ್ಯಾಸ ಇದ್ದರೆ ಅದು ಬಹುಶಃ ಗ್ಲೋಬ್ ಸ್ಕಿಮ್ಮರ್. ಉದ್ದ ಸುಮಾರು 4.5 ಸೆಂ.ಮೀ. ಅಷ್ಟೇ. ಆದರೆ ಇವು ಭಾರತದಿಂದ ಮಾಲ್ಡೀವ್ಸ್ ಮೂಲಕ ಸಮುದ್ರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ ಎಂದು ಸಾಗರ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ವಾದ ಮುಂದಿಟ್ಟರು. ಹೋಗಿ ಬರುವ ದಾರಿ 14,000ದಿಂದ 18,000 ಕಿ.ಮೀ. ಎಂಬುದು ಅವರ ಅಂದಾಜು. ಒಂದೇ ಕೀಟ ಇಡೀ ದಾರಿ ಕ್ರಮಿಸುವುದಿಲ್ಲ. ಮಕ್ಕಳು, ಮೊಮ್ಮಕ್ಕಳು ಮುಂದುವರಿಸುತ್ತವೆ.

ಮಳೆಯ ಸೂಚನೆಯೇ?
ಮಳೆಗೂ ಇವಕ್ಕೂ ನಂಟಿರುವುದು ನಿಜ. ಇವು ಗಾಳಿಯ ಜೊತೆ ಸಾಗುತ್ತವೆ, ಮಳೆನೀರು ನಿಂತ ಹೊಂಡಗಳಲ್ಲಿ ಮೊಟ್ಟೆ ಇಡುತ್ತವೆ. ಆದರೆ ಕೆಳಗೆ ಹಾರುವುದಕ್ಕೆ ಮುಖ್ಯ ಕಾರಣ ಊಟ. ಸಣ್ಣ ಹುಳಗಳು ಎಲ್ಲಿವೆಯೋ ಅಲ್ಲಿ ಇವೂ ಇರುತ್ತವೆ. ಹಾಗಾಗಿ ನಾಳೆಯ ಮಳೆಯನ್ನು ಇವುಗಳಿಂದ ಹೇಳಲಾಗದು. ಮಲ್ಪೆಯಿಂದ ಕಡಲಿಗಿಳಿಯುವವರು ನಂಬಬೇಕಾದದ್ದು ಹವಾಮಾನ ಇಲಾಖೆಯ ಎಚ್ಚರಿಕೆಯನ್ನೇ.

ವಿಷವಿದೆಯೇ?
ಇಲ್ಲ. ಡ್ರ್ಯಾಗನ್‌ಫ್ಲೈಗೆ ವಿಷದ ಕೊಂಡಿಯೇ ಇಲ್ಲ. ಕೈಯಲ್ಲಿ ಹಿಡಿದರೆ ಬಾಯಿಂದ ಚಿವುಟಬಹುದು, ಅಷ್ಟೇ. ಇವುಗಳ ಮರಿಗಳು ನೀರಿನಲ್ಲಿ ಸೊಳ್ಳೆಮರಿಗಳನ್ನೂ ತಿನ್ನುತ್ತವೆ. ಹಾಗೆಂದು ಮನೆಯ ಸುತ್ತ ನೀರು ನಿಲ್ಲಲು ಬಿಡಬೇಡಿ, ಡೆಂಗ್ಯೂ ತಡೆಯಲು ಇವಷ್ಟೇ ಸಾಲವು.

ನೋಡುವುದು ಹೇಗೆ?
ಬಿಸಿಲಿರುವ ಬೆಳಿಗ್ಗೆ ಅಥವಾ ಇಳಿಹೊತ್ತು ಏಣೇಲು ಗದ್ದೆಯ ಬದುವಿನಲ್ಲಿ ಹತ್ತು ನಿಮಿಷ ನಿಲ್ಲಿ. ಹತ್ತಿರದ ವಿದ್ಯುತ್ ತಂತಿಯನ್ನೂ ಗಮನಿಸಿ. ಹಸಿರು ಬಣ್ಣದ ಕಳ್ಳಿಪೀರ ಹಕ್ಕಿ ಹಾರಿಹೋಗಿ ಕೀಟ ಹಿಡಿದು, ಮರಳಿ ಬಂದು ಅದನ್ನು ತಂತಿಗೆ ಬಡಿದು ತಿನ್ನುವುದು ಕಾಣಬಹುದು. ಚಳಿಗಾಲ ಕಳೆಯಲು ಉತ್ತರದಿಂದ ಬರುವ ಕವಲುತೋಕೆ ಹಕ್ಕಿಗಳೂ ಗಾಳಿಯಲ್ಲೇ ಹುಳ ಹಿಡಿಯುತ್ತವೆ.

ಮಕ್ಕಳು ಇದರ ಬಾಲಕ್ಕೆ ನೂಲು ಕಟ್ಟಿ ಆಡುತ್ತಿದ್ದರೆ ಬಿಡಿಸಿ. ಕಡಲು ದಾಟಬೇಕಾದ ಕೀಟದ ಪ್ರಯಾಣ ಅಲ್ಲಿಗೇ ಮುಗಿಯುತ್ತದೆ.

ನೆನಪಿಡಿ: ಮಳೆ ಖಚಿತ ಎಂಬುದು ಸರಿಯಲ್ಲ. ವಿಷ ಎಂಬುದು ಸುಳ್ಳು. ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಗದ್ದೆ ಬದಿಗೆ ಹೋಗಿ ನೋಡಿ.