ದೀಪಕ್ಕೂ ಮುಂಚಿನ ಮೋಂಬತ್ತಿ

ಎಂ.ಎಸ್ಸಿ. ನರ್ಸಿಂಗ್‌ಗೆ ಅರ್ಜಿ ಹಾಕಿ ಕೂತಿದ್ದೇನೆ. ರಾತ್ರಿ ನಿದ್ದೆಯಿಲ್ಲ. ಆಗ ನೆನಪಾದವಳು ಫ್ಲಾರೆನ್ಸ್ ನೈಟಿಂಗೇಲ್. ಶಾಲೆಯಲ್ಲಿ ಓದಿದ್ದು ಕ್ರಿಮಿಯಾ ಯುದ್ಧದ ದೀಪದ ಕಥೆ ಮಾತ್ರ. ಅದಕ್ಕೂ ಮುಂಚೆ ಆಕೆ ಕಾದದ್ದನ್ನು ಯಾರೂ ಹೇಳಲಿಲ್ಲ.

1845ರಲ್ಲಿ ಇಂಗ್ಲೆಂಡಿನ ಸಾಲಿಸ್ಬರಿ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತೇನೆ ಅಂದಾಗ ಮನೆಯವರು ಒಪ್ಪಲಿಲ್ಲ. ಆಗ ದೊಡ್ಡ ಮನೆತನದ ಹೆಣ್ಣುಮಕ್ಕಳು ಮಾಡುವ ಕೆಲಸ ಅದಾಗಿರಲಿಲ್ಲ. ಆಕೆ ಕುಗ್ಗಿಹೋದಳು, ನಿಜ. ಆದರೆ ಬೆಳಗಾಗುವ ಮೊದಲೇ ಎದ್ದು, ಮೋಂಬತ್ತಿ ಬೆಳಕಲ್ಲಿ ಆಸ್ಪತ್ರೆಗಳ ವರದಿ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು. ತಿಂಡಿಯ ಗಂಟೆ ಹೊಡೆದರೆ ಮನೆಮಗಳಾಗಿ ಕೆಳಗಿಳಿಯುತ್ತಿದ್ದಳು.

ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಸುಮಾರು ಮೂರು ತಿಂಗಳ ತರಬೇತಿ ಸಿಕ್ಕಿದ್ದು 1851ರಲ್ಲಿ. ಆರು ವರ್ಷ! 1860ರಲ್ಲಿ ಲಂಡನ್ನಿನಲ್ಲಿ ಆಕೆಯ ಹೆಸರಿನದೇ ನರ್ಸಿಂಗ್ ಶಾಲೆ ಶುರುವಾಯಿತು.

ಈಗ ನಾನೂ ಐದಕ್ಕೆ ಎದ್ದು ಪುಸ್ತಕ ಬಿಡಿಸುತ್ತೇನೆ. ಉತ್ತರ ಬರುವಾಗ ಬರಲಿ...