ಹಂದಿಗೋಡಿನ ಕಾಯಿಲೆ: ಸಾಗರದಿಂದ ತಾರ್ನಾಕಾದವರೆಗೆ

ಬಾಲಾನಗರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಔಷಧಿ ತಯಾರಿಕೆಯ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ. 1961ರಲ್ಲಿ ಸ್ಥಾಪನೆಯಾದ ಐ.ಡಿ.ಪಿ.ಎಲ್. ಸಂಸ್ಥೆ ಸೋವಿಯತ್ ನೆರವಿನಿಂದ ಇಲ್ಲಿ ಔಷಧಿ ಕಾರ್ಖಾನೆ ತೆರೆದ ಮೇಲೆಯೇ ಹೈದರಾಬಾದು ಗುಳಿಗೆಗಳ ಊರಾಯಿತು. ಆ ಕಾರ್ಖಾನೆಯ ಯಂತ್ರಗಳು ಇಂದು ನಿಂತಿವೆಯಾದರೂ ಅಲ್ಲಿ ಕೆಲಸ ಕಲಿತವರು ಕಟ್ಟಿದ ಕಂಪನಿಗಳು ಲೋಕಕ್ಕೆಲ್ಲ ಔಷಧಿ ಕಳಿಸುತ್ತಿವೆ. ಇಂಥ ಊರಿನಲ್ಲಿ ಕುಳಿತು, ಯಾವ ಗುಳಿಗೆಯಿಂದಲೂ ವಾಸಿಯಾಗದ ಒಂದು ಕಾಯಿಲೆಯ ಚರಿತ್ರೆಯನ್ನು ನಾವು ಬರೆಯಹೊರಟಿದ್ದೇವೆ. ಕಾರಣವಿದೆ. ಆ ಕಾಯಿಲೆ ನಮ್ಮ ಮಲೆನಾಡಿನದು. ಅದನ್ನು ಮೊದಲು ಶಾಸ್ತ್ರೀಯವಾಗಿ ಪರೀಕ್ಷಿಸಿ ಲೋಕಕ್ಕೆ ತಿಳಿಸಿದವರು ಮಾತ್ರ ನಮ್ಮ ಹೈದರಾಬಾದಿನವರು.

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣಕ್ಕೆ ಸಮೀಪದಲ್ಲಿ ಹಂದಿಗೋಡು ಎಂಬ ಹಳ್ಳಿಯಿದೆ. 1974-75ರ ಸುಮಾರಿಗೆ ಅಲ್ಲಿಯ ಕೆಲವು ಮನೆಗಳಲ್ಲಿ ಸೊಂಟದ ಕೀಲು ಮತ್ತು ಮಂಡಿಗಳಲ್ಲಿ ತೀವ್ರವಾದ ನೋವು ಕಾಣಿಸಿಕೊಂಡಿರುವ ಸಂಗತಿ ಹೊರಗಿನವರ ಗಮನಕ್ಕೆ ಬಂತು. ವಾತವೆಂದು ತಳ್ಳಿಹಾಕುವಂತಿರಲಿಲ್ಲ, ನೋವಿಗೆ ಸಿಕ್ಕಿದವರಲ್ಲಿ ಮಕ್ಕಳಿದ್ದರು, ಹರೆಯದವರಿದ್ದರು. ನಡಿಗೆ ಓಲಾಡುತ್ತಿತ್ತು, ಕುಕ್ಕರಗಾಲಲ್ಲಿ ಕೂರಲು ಬಾರದು, ಬೆನ್ನು ಮುಂದಕ್ಕೆ ಬಾಗುತ್ತಿತ್ತು. ಕೆಲವರು ಎತ್ತರವಾಗಿ ಬೆಳೆಯಲೇ ಇಲ್ಲ. ನಾಟಿ, ಕಳೆ, ಕೊಯ್ಲು ಎಲ್ಲವೂ ಸೊಂಟ ಬಗ್ಗಿಸಿ ಮಾಡುವ ಕೆಲಸ. ಗದ್ದೆಯ ಕೂಲಿಯನ್ನೇ ನಂಬಿದವನಿಗೆ ಸೊಂಟದ ಕೀಲು ಹೋಯಿತೆಂದರೆ ಅನ್ನವೇ ಹೋದಂತೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇನ್ನೂ ಹಲವು ಹಳ್ಳಿಗಳಲ್ಲಿ ಇದೇ ಬಾಧೆ ಇರುವುದು ಕ್ರಮೇಣ ತಿಳಿದುಬಂತು. ಎಲ್ಲೆಡೆಯೂ ಒಂದು ಲಕ್ಷಣ ಸಮಾನವಾಗಿತ್ತು: ಬಾಧೆಪಟ್ಟವರು ಛಲವಾದಿ ಮತ್ತು ಚನ್ನಂಗಿ ಸಮುದಾಯಗಳಿಗೆ ಸೇರಿದ ಬಡ ಕೂಲಿಕಾರರು. ಅದೇ ಊರಿನ ಇತರರಿಗೆ ಈ ರೋಗವಿಲ್ಲ.

ಇದೇ ಜಿಲ್ಲೆಯ ಇನ್ನೊಂದು ಕಾಯಿಲೆಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಸಾಗರದ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಕಾಡಿಗೆ ಹೋದ ಜನರಿಗೂ ಜ್ವರ ಬಂತು. ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಗಾಬರಿಯಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಧಾವಿಸಿದರು. ಅದೇ ವರ್ಷ ವೈರಸ್ ಸಿಕ್ಕಿತು, ಅದು ರಷ್ಯದ ಒಂದು ಮೆದುಳು ಜ್ವರದ ವೈರಸ್ಸಿನ ಬಂಧುವೆಂದು ಗೊತ್ತಾಯಿತು, ಹರಡುವುದು ಉಣ್ಣೆಯಿಂದ ಎಂಬುದೂ ಪತ್ತೆಯಾಯಿತು. ಮಂಗನ ಕಾಯಿಲೆ ಉಣ್ಣೆಯಿಂದ ಹರಡುವಂಥದು, ಆದ್ದರಿಂದ ಲೋಕಕ್ಕೆ ಭಯ, ಭಯವಿದ್ದುದರಿಂದ ತ್ವರೆ. ಹಂದಿಗೋಡಿನ ಕಾಯಿಲೆ ಯಾರಿಗೂ ಅಂಟುವುದಿಲ್ಲ, ಯಾರನ್ನೂ ಒಂದೇ ಏಟಿಗೆ ಕೊಲ್ಲುವುದೂ ಇಲ್ಲ. ಕಡತಗಳ ನಡುವೆ ಇಷ್ಟು ವರ್ಷ ಕಳೆದ ನಮಗೆ ಇದು ಅಪರಿಚಿತ ನೀತಿಯೇನಲ್ಲ. 'ಅತಿ ಜರೂರು' ಎಂಬ ಚೀಟಿ ಯಾವ ಕಡತದ ಮೇಲೆ ಬೀಳುತ್ತದೆಂಬುದು ಒಳಗಿನ ಕಷ್ಟದ ಅಳತೆಯಿಂದ ನಿರ್ಧಾರವಾಗುವುದು ಕಡಿಮೆ.

ಈಗ ಹೈದರಾಬಾದಿಗೆ ಬರೋಣ. ಬಾಲಾನಗರದಿಂದ ಸಿಕಂದರಾಬಾದು ದಾಟಿ ತಾರ್ನಾಕಾಕ್ಕೆ ಹೋದರೆ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಮಗ್ಗುಲಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಇದೆ. ಎಷ್ಟೋ ಸಲ ಬಸ್ಸಿನಲ್ಲಿ ಅದರ ಮುಂದೆ ಹಾದುಹೋಗಿದ್ದರೂ ಅದರ ಚರಿತ್ರೆ ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ ಆರಂಭಿಸಿದ ಸಣ್ಣ ಪ್ರಯೋಗಾಲಯವದು. 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ಈಗಿನ ಹೆಸರು ಪಡೆಯಿತು.

ಈ ಮೆಕ್‌ಕ್ಯಾರಿಸನ್ ಕೂನೂರಿಗೆ ಬರುವ ಮೊದಲು ಕಾಶ್ಮೀರದಾಚೆಯ ಗಿಲ್ಗಿಟ್‌ನಲ್ಲಿದ್ದರು. ಅಲ್ಲಿ ಒಂದೇ ಕಾಲುವೆಯ ನೀರು ಕುಡಿಯುವ ಹಳ್ಳಿಗಳ ಸಾಲಿನಲ್ಲಿ, ಕೆಳಕೆಳಗಿನ ಹಳ್ಳಿಗೆ ಹೋದಂತೆಲ್ಲ ಗಳಗಂಡ ಹೆಚ್ಚುತ್ತಿರುವುದನ್ನು ಅವರು ಮನೆಮನೆ ಎಣಿಸಿ ಕಂಡುಹಿಡಿದರು. ನೀರಿನ ಗಸಿಯನ್ನು ತಾವೇ ಕುಡಿದು ಪರೀಕ್ಷಿಸಿದರು. ಎಣಿಕೆ ಸರಿಯಾಗಿತ್ತು, ಆದರೆ ನೀರಿನ ಕೊಳಕೇ ರೋಗದ ಮೂಲವೆಂಬ ಅವರ ತೀರ್ಮಾನ ಅಯೋಡಿನ್ನಿನ ಕೊರತೆಯ ವಾದದ ಮುಂದೆ ನಿಲ್ಲಲಿಲ್ಲ. ಗಿಲ್ಗಿಟ್‌ನ ಈ ಕತೆಯನ್ನು ವಾಚಕರು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

1970ರ ದಶಕದಲ್ಲಿ ಈ ಸಂಸ್ಥೆಯಲ್ಲಿ ಕೆ. ಎ. ವಿ. ಆರ್. ಕೃಷ್ಣಮಾಚಾರಿ ಎಂಬ ವೈದ್ಯರಿದ್ದರು. ಎಲ್ಲಿ ವಿಚಿತ್ರ ರೋಗ ಕಂಡರೂ ಅಲ್ಲಿಗೆ ಹೋಗಿ, ರೋಗಿಯ ನಾಡಿಯಷ್ಟೇ ಅಲ್ಲ, ಅವನ ಅಡಿಗೆಮನೆಯ ಮಡಕೆಯನ್ನೂ ನೋಡುವುದು ಅವರ ಕ್ರಮ. ನಾಗಾರ್ಜುನಸಾಗರದ ಆಸುಪಾಸಿನ ನಲ್ಗೊಂಡ ಜಿಲ್ಲೆಯ ಹಳ್ಳಿಗಳಲ್ಲಿ ಹರೆಯದ ಹುಡುಗರ ಮಂಡಿಗಳು ಒಂದಕ್ಕೊಂದು ತಾಕುವಂತೆ ಕಾಲು ಸೊಟ್ಟಗಾಗುತ್ತಿದ್ದುದನ್ನು ಅವರೂ ಕಮಲಾ ಕೃಷ್ಣಸ್ವಾಮಿಯವರೂ 1973ರಲ್ಲಿ ವರದಿ ಮಾಡಿದರು. ನೀರಿನ ಫ್ಲೋರೈಡಿನ ಜತೆಗೆ, ಜೋಳದಲ್ಲಿ ಮಾಲಿಬ್ಡಿನಂ ಹೆಚ್ಚಿ ದೇಹದ ತಾಮ್ರ ನಷ್ಟವಾಗುವುದೂ ಇದಕ್ಕೆ ಕಾರಣವಿರಬಹುದೆಂದು ಆ ಸಂಸ್ಥೆಯವರು ಶಂಕಿಸಿದರು. ಅಣೆಕಟ್ಟೆಯಿಂದ ಅಂತರ್ಜಲ ಮೇಲೇರಿ ಮಣ್ಣಿನ ಸಾರವೇ ಬದಲಾಗಿತ್ತು. ಜೋಳದ ರೊಟ್ಟಿ ತಿಂದು ಬೆಳೆದ ನಮ್ಮ ಉತ್ತರ ಕರ್ನಾಟಕದ ಓದುಗರು ಗಾಬರಿಯಾಗಬೇಕಿಲ್ಲ. ದೋಷ ಧಾನ್ಯದ್ದಲ್ಲ, ಅದು ಬೆಳೆದ ನೆಲದ ನೀರಿನದು.

ಮರುವರ್ಷ, 1974ರಲ್ಲಿ, ರಾಜಸ್ಥಾನದ ಬನ್ಸ್ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಕಾಮಾಲೆಯಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಸಾಮಾನ್ಯ ಕಾಮಾಲೆಯಾಗಿದ್ದರೆ ಮನುಷ್ಯರೊಂದಿಗೆ ಮನೆಯ ನಾಯಿಗಳು ಸಾಯಬೇಕಾಗಿರಲಿಲ್ಲ. ಕೃಷ್ಣಮಾಚಾರಿ, ರಮೇಶ ಭಟ್ ಮತ್ತು ಸಂಗಡಿಗರು ಮುಗ್ಗಿದ ಮೆಕ್ಕೆಜೋಳದ ಬೂಷ್ಟಿನಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಹಿಡಿದುಕೊಟ್ಟರು. ಅಪರಿಚಿತ ರೋಗವನ್ನು ಗುರುತಿಸುವ ಬಗೆಗೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ತಿಳಿದಂತೆ ಭಾರತದಲ್ಲಿ ಬೇರೆ ಇಲ್ಲ.

ಇದೇ ಕೃಷ್ಣಮಾಚಾರಿ ಮತ್ತು ಭಟ್ ಜೋಡಿ ಹಂದಿಗೋಡಿನ ಕಾಯಿಲೆಯನ್ನೂ ಕೈಗೆತ್ತಿಕೊಂಡಿತು. ಅವರ ಪ್ರಬಂಧಗಳು 1977 ಮತ್ತು 1978ರಲ್ಲಿ ಪ್ರಕಟವಾದವು. ರೋಗಕ್ಕೆ ಅವರಿಟ್ಟ ಹೆಸರು 'ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ' ಎಂಬರ್ಥದ್ದು. ಕೌಟುಂಬಿಕ ಎಂಬ ಪದವನ್ನು ಗಮನಿಸಬೇಕು. ಒಂದೇ ಮನೆಯಲ್ಲಿ ಹಲವರಿಗೆ ಬರುತ್ತದೆಂಬುದು ಅವರ ಕಣ್ಣಿಗೆ ಆಗಲೇ ಬಿದ್ದಿತ್ತು. ಆದರೆ ಒಂದು ಮನೆಯವರು ಹಂಚಿಕೊಳ್ಳುವುದು ರಕ್ತವನ್ನು ಮಾತ್ರವಲ್ಲ, ಊಟವನ್ನೂ ಹೌದು. ಈ ಮನೆಗಳವರು ತಿನ್ನುವ, ನೆರೆಯವರು ತಿನ್ನದ ಪದಾರ್ಥ ಯಾವುದು? ಗದ್ದೆಯ ಏಡಿ ಮತ್ತು ಸಣ್ಣ ಮೀನು. ಆ ಕಾಲದಲ್ಲಿ ಭತ್ತದ ಗದ್ದೆಗಳಿಗೆ ಎಂಡ್ರಿನ್, ಪ್ಯಾರಾಥಿಯಾನ್‌ಗಳಂಥ ಉಗ್ರ ಕೀಟನಾಶಕಗಳನ್ನು ಸಿಂಪಡಿಸುತ್ತಿದ್ದರು. ವಿಷ ಬಿದ್ದ ನೀರಿನ ಏಡಿಗಳನ್ನು ತಿಂದದ್ದೇ ಕೀಲುಗಳಿಗೆ ಮುಳುವಾಗಿರಬಹುದು ಎಂಬ ಊಹೆ ಹುಟ್ಟಿದ್ದು ಹೀಗೆ. ಬನ್ಸ್ವಾಡಾದಲ್ಲಿ ಮೆಕ್ಕೆಜೋಳವನ್ನು ಹಿಡಿದುಕೊಟ್ಟ ತರ್ಕವೇ ಇಲ್ಲಿ ಏಡಿಯತ್ತ ಬೆರಳು ತೋರಿಸಿತು. ಹಸುರು ಕ್ರಾಂತಿಯ ಬೆಲೆ ತೆರುತ್ತಿರುವವರು ಬಡವರು ಎಂಬ ಮಾತಿಗೂ ಇದು ಹೊಂದಿಕೊಂಡಿತು. 'ಏಡಿ ತಿಂದು ಬಂದ ರೋಗ' ಎಂಬ ಮಾತು ಜನರ ಬಾಯಲ್ಲಿ ಉಳಿದುಬಿಟ್ಟಿತು.

ಬೇರೆ ದೇಶಗಳಲ್ಲಿಯೂ ಇಂಥ ಉದಾಹರಣೆಗಳಿವೆ. ಸೈಬೀರಿಯದ ಉರೋವ್ ನದಿಯ ಕಣಿವೆಯಲ್ಲಿ ಮಕ್ಕಳ ಕೀಲುಗಳು ಊದಿ ಗಿಡ್ಡಾಗುವ ಕಾಯಿಲೆಯನ್ನು 19ನೆಯ ಶತಮಾನದಲ್ಲಿ ಕಾಶಿನ್, ಮುಂದೆ 1906ರಲ್ಲಿ ಬೆಕ್ ವರ್ಣಿಸಿದರು. ಅಲ್ಲಿ ನೆಲ ಮತ್ತು ಆಹಾರಗಳ ಪಾತ್ರ ದೊಡ್ಡದು. ಆಫ್ರಿಕಾದ ಜೂಲುಲ್ಯಾಂಡಿನ ಮ್ಸೆಲೆನಿ ಎಂಬಲ್ಲಿ ಸೊಂಟದ ಕೀಲು ಸವೆಯುವ ವಿಚಿತ್ರ ರೋಗದ ವರದಿ 1970ರಲ್ಲಿ ಬಂತು. ಹಂದಿಗೋಡಿನ ಕಾಯಿಲೆಯನ್ನು ಅದರೊಡನೆ ಹೋಲಿಸಿ ತಜ್ಞರು 1997ರಲ್ಲಿಯೂ ಚರ್ಚಿಸಿದರು. ನೆಲವೋ, ಆಹಾರವೋ, ವಂಶವೋ ಎಂಬ ಪ್ರಶ್ನೆ ಹೀಗೆ ಎಲ್ಲೆಡೆಯೂ ಒಂದೇ.

ಹಂದಿಗೋಡಿನ ಮಟ್ಟಿಗೆ ಉತ್ತರ ಸಿಕ್ಕಿದ್ದು ಎಕ್ಸ್-ರೇ ಚಿತ್ರಗಳಿಂದ ಮತ್ತು ವಂಶವೃಕ್ಷಗಳಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹಲವು ವಿಭಾಗಗಳ ತಜ್ಞರನ್ನು ಕೂಡಿಸಿ ಅಧ್ಯಯನ ನಡೆಸಿತು. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ಎಸ್. ಎಸ್. ಅಗರ್‌ವಾಲ್, ಶುಭಾ ಫಡ್ಕೆ ಮೊದಲಾದವರು 1994ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದು ಸಂಧಿವಾತವೇ ಅಲ್ಲ, ಮೂಳೆಗಳ ಬೆಳವಣಿಗೆಯಲ್ಲಿಯೇ ಇರುವ ಹುಟ್ಟುದೋಷ ಎಂದು ತೋರಿಸಿದರು. ಉದ್ದ ಮೂಳೆಯ ತುದಿ ಮತ್ತು ಬೆನ್ನೆಲುಬಿನ ಮಣಿಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ. ಅಂಥ ಕೀಲು ಬೇಗ ಸವೆಯುತ್ತದೆ. ಆ ಸವೆತವೇ ನೋವು. ಎಲ್ಲರಲ್ಲಿಯೂ ಒಂದೇ ಪ್ರಮಾಣವಿಲ್ಲ. ಕೆಲವರು ಸಾಮಾನ್ಯ ಎತ್ತರವಿದ್ದು ಸೊಂಟ ಮಾತ್ರ ಕೆಟ್ಟಿರುತ್ತದೆ. ಕೆಲವರಲ್ಲಿ ಬೆನ್ನೆಲುಬೂ ಕೆಟ್ಟು ಎತ್ತರ ಕುಗ್ಗುತ್ತದೆ. ಇನ್ನು ಕೆಲವರು ತೀರ ಕುಳ್ಳರಾಗುತ್ತಾರೆ. ನೋಡಲು ಮೂರು ಬೇರೆ ರೋಗಗಳಂತೆ ಕಾಣುವ ಇವು ಒಂದೇ ಬೇರಿನವು.

ಬಿ.ಎಸ್ಸಿ. ತರಗತಿಯಲ್ಲಿ ಮೆಂಡೆಲನ ಬಟಾಣಿ ಗಿಡಗಳ ಪಾಠ ಕೇಳಿದವರಿಗೆ ಮುಂದಿನ ಮಾತು ಸುಲಭ. ಇದು ಪ್ರಬಲ ಗುಣವಾಗಿ ಇಳಿದುಬರುವ ರೋಗ. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಗಂಡು ಹೆಣ್ಣು ಭೇದವಿಲ್ಲ. ಸೋದರಿಕೆಯ ಸಂಬಂಧದಿಂದಲೇ ಬಂತೆಂದು ಹಲವರು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ರಕ್ತಸಂಬಂಧದ ಮದುವೆಯಿಂದ ಹೆಚ್ಚುವುದು ದುರ್ಬಲ ಗುಣದ ರೋಗಗಳು. ಪ್ರಬಲ ಗುಣಕ್ಕೆ ಎರಡು ಕಡೆಯ ಕೂಟ ಬೇಕಾಗಿಲ್ಲ. ಆದರೆ ಸಮುದಾಯದೊಳಗೆ ಮಾತ್ರ ಕೊಟ್ಟು ತರುವ ಪದ್ಧತಿಯಿಂದ ರೋಗ ಆ ಕೆಲವೇ ಹಳ್ಳಿಗಳ ಕೆಲವೇ ಮನೆಗಳಲ್ಲಿ ಉಳಿಯಿತು. ನೆರೆಯವರಿಗೇಕೆ ಇಲ್ಲ ಎಂಬ ಹಳೆಯ ಒಗಟು ಇಷ್ಟರಿಂದಲೇ ಬಿಡಿಸಿತು. ಏಡಿ ನಿರ್ದೋಷಿ. ಎಂಡ್ರಿನ್ ಮಾತ್ರ ನಿರ್ದೋಷಿಯಲ್ಲ, ಅದನ್ನು ಬೇರೆ ಅಪರಾಧಗಳಿಗಾಗಿ ಭಾರತದಲ್ಲಿ ನಿಷೇಧಿಸಿದ್ದಾರೆ.

ಹಾಗಾದರೆ ತಾರ್ನಾಕಾದವರ ಶ್ರಮ ವ್ಯರ್ಥವಾಯಿತೇ? ನಮಗೆ ಹಾಗನ್ನಿಸುವುದಿಲ್ಲ. ಗಿಲ್ಗಿಟ್‌ನಲ್ಲಿ ಮೆಕ್‌ಕ್ಯಾರಿಸನ್ನರ ಎಣಿಕೆಯಂತೆಯೇ ಇಲ್ಲಿಯೂ ಮನೆಮನೆಯ ಎಣಿಕೆ ಸರಿಯಿತ್ತು, ಕಾರಣ ಮಾತ್ರ ಬದಲಾಯಿತು. ಅವರು ಹೋಗಿ ಎಣಿಸದಿದ್ದರೆ ಲಖನೌದವರು ವಂಶವೃಕ್ಷ ಬರೆಯಲು ಆ ಹಳ್ಳಿಗೆ ಬರುತ್ತಿದ್ದರೇ ಎಂಬುದು ಸಂಶಯ.

ನಮ್ಮನ್ನು ಕಾಡುವ ಸಂಗತಿ ಬೇರೆ. ಎರಡು ವಿವರಣೆಗಳೂ ಆ ಬಡವರ ಮೇಲೆ ಬಿದ್ದ ಬಗೆಯನ್ನು ನೋಡಿ. ಮೊದಲನೆಯದರಿಂದ ಅವರ ಊಟಕ್ಕೆ ಕಳಂಕ ತಟ್ಟಿತು. ಕಾಸಿಲ್ಲದೆ ದೊರೆಯುತ್ತಿದ್ದ ಏಡಿ, ಮೀನುಗಳೇ ವಿಷವೆಂದಾಯಿತು. ಎರಡನೆಯದು ಅವರ ರಕ್ತಕ್ಕೆ ತಟ್ಟಿತು. ವಂಶದ ರೋಗವೆಂದ ಮೇಲೆ ಆ ಮನೆಗಳ ಹೆಣ್ಣು ಗಂಡುಗಳ ಮದುವೆಯ ಮಾತೇನು? ವಿಷದ ಕಾರಣವಾಗಿದ್ದರೆ ಯಾರನ್ನಾದರೂ ಹೊಣೆಗಾರರನ್ನಾಗಿ ಮಾಡಬಹುದಿತ್ತು, ಪರಿಹಾರ ಕೇಳಬಹುದಿತ್ತು. ವಂಶವಾಹಿಯ ಮೇಲೆ ಯಾರು ದಾವೆ ಹೂಡಿಯಾರು? ಸತ್ಯ ತಿಳಿದದ್ದು ಒಳ್ಳೆಯದೇ. ಆದರೆ ಅದರಿಂದ ಗದ್ದೆಗೆ ಹೋಗಲಾಗದವನ ಒಲೆ ಹೊತ್ತಿಕೊಳ್ಳಲಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಹೇಳಬಹುದಾದ್ದು ಅಲ್ಪ. ನೋವು ಶಮನದ ಗುಳಿಗೆ, ವ್ಯಾಯಾಮ, ಊರುಗೋಲು; ಕೀಲು ಪೂರ್ತಿ ಸವೆದವರಿಗೆ ಕೃತಕ ಸೊಂಟದ ಕೀಲು ಜೋಡಿಸುವ ಶಸ್ತ್ರಚಿಕಿತ್ಸೆ. ಚಿಕ್ಕ ವಯಸ್ಸಿನವರಿಗೆ ಜೋಡಿಸಿದ ಕೀಲು ಜೀವಮಾನವೆಲ್ಲ ಬಾಳುವುದಿಲ್ಲವಾದ್ದರಿಂದ ಮತ್ತೊಮ್ಮೆ ಕತ್ತರಿ ಹಾಕಬೇಕಾಗಬಹುದು. ಕೂಲಿಯವರ ಪಾಲಿಗೆ ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯವಾದದ್ದು ಮಾಸಾಶನ ಮತ್ತು ಕೂತು ಮಾಡುವ ಕೆಲಸ.

ಭಾರತ ಸರ್ಕಾರ 2021ರಲ್ಲಿ ವಿರಳ ರೋಗಗಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿ ಕೆಲವು ಸಂಸ್ಥೆಗಳನ್ನು ಇದಕ್ಕಾಗಿ ಗೊತ್ತುಮಾಡಿತು. ನಮ್ಮ ಹೈದರಾಬಾದಿನಲ್ಲಿ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿರ್ಣಯ ಕೇಂದ್ರ ಹಾಗೂ ನಿಜಾಮ್ಸ್ ಸಂಸ್ಥೆ ಜತೆಗೂಡಿ ಅಂಥದೊಂದು ಕೇಂದ್ರವಾಗಿವೆ. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವೂ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೂ. ಲಖನೌದ ಆ ಸಂಸ್ಥೆಯೂ ಪಟ್ಟಿಯಲ್ಲಿದೆ. ಊರು ಬಿಟ್ಟು ಬಂದ ನಮ್ಮಂಥ ಕುಟುಂಬಗಳಿಗೆ ಇಲ್ಲೊಂದು ತೊಡಕುಂಟು. ಮನೆಯಲ್ಲಿ ಯಾರಿಗಾದರೂ ಅರ್ಥವಾಗದ ಕಾಯಿಲೆ ಬಂದಾಗ ವೈದ್ಯರು ಕೇಳುವ ಮೊದಲ ಪ್ರಶ್ನೆ, ನಿಮ್ಮ ಕಡೆಯವರಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂಬುದು. ಅದಕ್ಕೆ ಉತ್ತರ ಬಲ್ಲ ಸೋದರತ್ತೆ ಸಾಗರದಲ್ಲೋ ಸಿಂದಗಿಯಲ್ಲೋ ಇರುತ್ತಾರೆ. ಆದ್ದರಿಂದ ಈ ಬೇಸಿಗೆಯಲ್ಲಿ ಊರಿಗೆ ಹೋಗುವವರು ಹಿರಿಯರನ್ನು ಕೇಳಿ ಮೂರು ತಲೆಮಾರಿನ ಹೆಸರು, ಕಾಯಿಲೆ, ತೀರಿಕೊಂಡ ವಯಸ್ಸುಗಳನ್ನು ಒಂದು ಹಾಳೆಯಲ್ಲಿ ಬರೆದು ತರಬೇಕು. ಹಳೆಯ ಎಕ್ಸ್-ರೇ ಹಾಳೆಗಳು ಅಟ್ಟದ ಮೇಲಿದ್ದರೆ ಅವನ್ನೂ ತರಬೇಕು.